ಸೆವ್ರಿನ್ ಬಾಯಿಯ ಕೆಮ್ಮು

ಸೆವ್ರಿನ್ ಬಾಯಿ ಕುಳಿತು ಕಾಫಿ ಕುಡಿದದ್ದನ್ನು ನಾನು ನೋಡಿದ ನೆನಪಿಲ್ಲ. ಲೋಟ ಕೈಗೆ ಬಂದ ಕೂಡಲೇ ನಡೆಯಲು ಶುರು. ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಬಾಲ್ಕನಿಗೆ, ಅಲ್ಲಿ ಒಂದು ಗುಟುಕು, ಎದುರಿನ ಮರಗಳ ತುದಿಯ ಮೇಲೆ ಒಮ್ಮೆ ಕಣ್ಣಾಡಿಸಿ ಮತ್ತೆ ಅಡುಗೆಮನೆಗೆ. ಲೋಟ ಖಾಲಿಯಾಗುವಷ್ಟರಲ್ಲಿ ನಮ್ಮ ಪುಟ್ಟ ಅಪಾರ್ಟ್‌ಮೆಂಟನ್ನು ಎಷ್ಟು ಸಲ ಸುತ್ತಿರುತ್ತಿದ್ದರೋ. "ಕೂತ್ಕೊಳ್ಳಿ ಬಾಯಿ, ಕಾರ್ಪೆಟ್ಟು ಸವೆದು ಹೋಗುತ್ತೆ" ಎಂದರೆ, "ಕೂತ್ರೆ ಕಾಲು ಬೈತದೆ ಮಾರಾಯ್ತಿ" ಎನ್ನುತ್ತಿದ್ದರು.

ವಯಸ್ಸು ಐವತ್ತರ ಆಚೀಚೆ. ಕಡ್ಡಿಯಂಥ ಮೈ, ತಾವೇ ಕತ್ತರಿ ಹಿಡಿದು ಕತ್ತರಿಸಿಕೊಂಡ ನರೆಗೂದಲು, ಎರಡು ಜೇಬಿನ ಗಂಡಸರ ಅಂಗಿ. ಎಡಗೈಯ ಕಿರುಬೆರಳು ಸೊಟ್ಟಗಿತ್ತು. ಕೇಳಿದ್ದಕ್ಕೆ, "ಜೊಕಿ ಕಚ್ಚಿದ್ದು. ತಪ್ಪು ನಂದೇ, ಅವ ಹಣ್ಣು ತಿನ್ನುವಾಗ ನಾನು ಹತ್ತಿರ ಹೋಗಬಾರದಿತ್ತು" ಎಂದರು. ಜೊಕಿ ಅವರ ತಮ್ಮನಿರಬೇಕೆಂದು ನಾನು ಕೆಲವು ದಿನ ತಿಳಿದಿದ್ದೆ. ಅವನು ಚಿಂಪಾಂಜಿ ಎಂದು ಗೊತ್ತಾದದ್ದು ಆಮೇಲೆ.

ಎಂಬತ್ತರ ದಶಕದ ನಡುವಿನ ಮಾತು. ನಾವು ಅಮೆರಿಕದ ಸನ್ನಿವೇಲ್‌ನಲ್ಲಿದ್ದೆವು. ನನ್ನ ಯಜಮಾನರು ಚಿಪ್ ತಯಾರಿಸುವ ಕಂಪನಿಯಲ್ಲಿ ಇಂಜಿನಿಯರು. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಮಗಳು ಅನುವಿಗೆ ಮೂರು ವರ್ಷ ತುಂಬಿತ್ತು. ಒಂದು ಬೆಳಿಗ್ಗೆ ನಮ್ಮ ಕಾಂಪ್ಲೆಕ್ಸಿನ ಲಾಂಡ್ರಿ ಕೋಣೆಗೆ ಬಟ್ಟೆ ಹೊತ್ತುಕೊಂಡು ಹೋದರೆ, ನಾಣ್ಯ ನುಂಗಿ ಸುಮ್ಮನೆ ಕುಳಿತಿದ್ದ ವಾಷಿಂಗ್ ಮೆಷಿನ್ನಿನ ಮುಂದೆ ಒಬ್ಬ ಹೆಂಗಸು ನಿಂತು, "ಎಂತ ಅವಸ್ಥೆ ಮಾರಾಯ ನಿಂದು!" ಎಂದು ಅದಕ್ಕೆ ಗದರುತ್ತಿದ್ದರು. ಗಂಡನಲ್ಲದೆ ಬೇರೆಯವರ ಬಾಯಲ್ಲಿ ಕನ್ನಡ ಕೇಳಿ ಎಷ್ಟೋ ದಿನವಾಗಿತ್ತು. ನಾನು ಬಟ್ಟೆಯ ಬುಟ್ಟಿಯನ್ನು ನೆಲಕ್ಕಿಟ್ಟು, "ಒಂದು ಗುದ್ದು ಕೊಡಿ, ಓಡುತ್ತೆ" ಎಂದೆ. ಅವರು ತಿರುಗಿ ನೋಡಿ, ಗುದ್ದಿ, ಅದು ಓಡತೊಡಗಿದ ಮೇಲೆ ನಕ್ಕರು. ನಮ್ಮ ಕಾಂಪ್ಲೆಕ್ಸಿನಲ್ಲೇ ಒಂದು ಬಾಡಿಗೆ ಕೋಣೆ ಹಿಡಿದಿದ್ದರು. ನಮ್ಮ ಸ್ನೇಹ ಶುರುವಾದದ್ದು ಹಾಗೆ.

ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನರು. ಅವರ ತಂದೆ ಹಡಗು ಹತ್ತಿ ಪೂರ್ವ ಆಫ್ರಿಕಾಕ್ಕೆ ಹೋಗಿ, ಟಾಂಗನೀಕಾ ಸರೋವರದ ದಡದಲ್ಲಿ ರೈಲುಹಳಿ ಮುಗಿಯುವ ಊರಿನಲ್ಲಿ ಸ್ಟೇಷನ್ ಗುಮಾಸ್ತರಾಗಿದ್ದವರು. ಬಾಯಿ ಮಂಗಳೂರಿನಲ್ಲಿ ಸಿಸ್ಟರ್‌ಗಳ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿ ಅಪ್ಪನ ಬಳಿಗೆ ಹೋದರು. ಊರಿನಿಂದ ದೋಣಿಯಲ್ಲಿ ಅರ್ಧ ದಿನದ ದಾರಿ ಸಾಗಿದರೆ ಚಿಂಪಾಂಜಿಗಳಿದ್ದ ಕಾಡು. ಅಲ್ಲಿ ಕೆಲಸ ಮಾಡುತ್ತಿದ್ದ ಹೊರದೇಶದ ವಿಜ್ಞಾನಿಗಳಿಗೆ ಟಿಪ್ಪಣಿ ಟೈಪ್ ಮಾಡಿಕೊಡಲು ಒಂದು ರಜೆಯಲ್ಲಿ ಹೋದವರು, ಆ ವಿಜ್ಞಾನಿಗಳೆಲ್ಲ ಒಬ್ಬೊಬ್ಬರಾಗಿ ಮನೆಗೆ ಮರಳಿದರೂ ತಾವು ಮರಳಲಿಲ್ಲ. ಡಾಕ್ಟರೇಟು, ಹೆಸರು ಎಲ್ಲ ನಂತರ ಬಂದವು. ಇಪ್ಪತ್ತು ವರ್ಷ ಅಲ್ಲೇ. ಈಗ ನಮ್ಮ ಹತ್ತಿರದ ಪಾಲೋ ಆಲ್ಟೋದ ವಿಶ್ವವಿದ್ಯಾಲಯ ಅವರಿಗೆ ನೆಲಮಾಳಿಗೆಯಲ್ಲೊಂದು ಕೋಣೆ ಕೊಟ್ಟು, ಪುಸ್ತಕ ಬರೆಯಿರಿ ಎಂದು ಕೂರಿಸಿತ್ತು. ಕೂರಿಸಿತ್ತು ಎನ್ನುವುದು ಬರೀ ಮಾತಿಗೆ.

ಎಲ್ಲರೂ ಅವರನ್ನು ಡಾಕ್ಟರ್ ಎನ್ನುತ್ತಿದ್ದರು. ನಾನೂ ಹಾಗೇ ಕರೆದಾಗ, "ಡಾಕ್ಟರ್ ಎಂತಕ್ಕೆ? ನಮ್ಮಲ್ಲಿ ದೊಡ್ಡ ಹೆಂಗಸರಿಗೆ ಬಾಯಿ ಅಂತ ಹೇಳುದು" ಎಂದರು. ನಮ್ಮ ಹಾಸನದ ಕಡೆ ಬಾಯಿ ಎಂದರೆ ಬಾಯಿಯೇ. ನನ್ನ ಯಜಮಾನರು, "ಹಾಗೆ ಕರೆಯೋಕೆ ನನಗೆ ಬಾಯೇ ಬರಲ್ಲ ಕಣೇ" ಎಂದು ಕೊನೆಯವರೆಗೂ ಅವರನ್ನು ಮೇಡಮ್ ಎಂದೇ ಕರೆದರು.

ಅನುವಿಗೆ ಆಗ ರಂಪ ಮಾಡುವ ವಯಸ್ಸು. ಒಂದು ದಿನ ಕಾಂಪ್ಲೆಕ್ಸಿನ ಹುಲ್ಲಿನ ಮೇಲೆ ಬಿದ್ದು ಹೊರಳಿ ಕಿರುಚುತ್ತಿದ್ದಳು. ನಾನು ಗದರಿ, ಮುದ್ದಿಸಿ ಸೋತಿದ್ದೆ. ಅಲ್ಲೇ ಹೋಗುತ್ತಿದ್ದ ಬಾಯಿ ಅವಳಿಂದ ಸ್ವಲ್ಪ ದೂರದಲ್ಲಿ, ಅವಳಿಗೆ ಬೆನ್ನು ಮಾಡಿ ಕುಕ್ಕರಗಾಲಿನಲ್ಲಿ ಕುಳಿತರು. ಪೊದೆಯಿಂದ ಒಂದು ಎಲೆ ಕಿತ್ತು ಮೂಗಿನ ಹತ್ತಿರ ಹಿಡಿದು, ಹೇನು ಹೆಕ್ಕುವವರ ಹಾಗೆ ಬೆರಳಿನಿಂದ ಕೆದಕುತ್ತ, ತುಟಿಯಲ್ಲಿ ಚಪ್ ಚಪ್ ಎಂದು ಸದ್ದು ಮಾಡತೊಡಗಿದರು. ಅನುವಿನ ಅಳು ನಡುವೆಯೇ ನಿಂತಿತು. ಎದ್ದು ಬಂದು ಅವರ ಭುಜದ ಮೇಲಿಂದ ಇಣುಕಿದಳು. ಬಾಯಿ ಅವಳ ಕಡೆ ತಿರುಗಿಯೂ ನೋಡದೆ ಎಲೆಯನ್ನು ಸ್ವಲ್ಪ ಅವಳ ಕಡೆಗೆ ವಾಲಿಸಿದರು. "ವಾಟ್ ಈಸ್ ಇಟ್?" ಎಂದಳು ಮಗಳು, ಪಿಸುಮಾತಿನಲ್ಲಿ.

"ಮೊಂತಿ ಹೀಗೇ ಮಾಡುದು" ಎಂದರು ಬಾಯಿ ನನಗೆ, ಎದ್ದು ನಡೆಯುತ್ತ. "ಎಲೆಯಲ್ಲಿ ಎಂತ ಉಂಟು? ಎಂತದೂ ಇಲ್ಲ. ಆದರೆ ಅವಳು ಎಲೆ ಹಿಡಿದು ಕೂತ್ರೆ ಸುತ್ತ ಇದ್ದವರೆಲ್ಲ ಜಗಳ ಬಿಟ್ಟು ನೋಡ್ಲಿಕ್ಕೆ ಬರ್ತಾರೆ."

ಮೊಂತಿ ಆ ಕಾಡಿನ ಹಿರಿಯ ಹೆಣ್ಣು ಚಿಂಪಾಂಜಿ, ಜೊಕಿಯ ತಾಯಿ. ಬಾಯಿ ಬರೆದ ಪ್ರಬಂಧಗಳಲ್ಲಿ ಅವುಗಳಿಗೆಲ್ಲ ಬರೀ ಅಕ್ಷರಗಳಿದ್ದವು. ಮಾತಿನಲ್ಲಿ ಮಾತ್ರ ಮಂಗಳೂರಿನ ಚರ್ಚಿನ ಬೀದಿಯ ಹೆಸರುಗಳು: ಮೊಂತಿ, ಜೊಕಿ, ಸಿಂಪ್ರು, ನತಾಲ್. ಇಲ್ಲಿ ಇದ್ದಷ್ಟು ದಿನವೂ ಬಾಯಿಯ ಮನಸ್ಸು ಆ ಚಿಂಪಾಂಜಿಗಳ ಹಿಂದೆಯೇ ಇತ್ತು. ಅಲ್ಲಿ ಅತ್ತಿಹಣ್ಣು ಬಿಡುವ ಕಾಲ, ಜೊಕಿ ಯಾರ ಮೇಲೆ ಏರಿ ಹೋಗಿದ್ದಾನೋ, ಉತ್ತರದ ಕಣಿವೆಯಲ್ಲಿ ಯಾರು ಉರುಳು ಕಟ್ಟಿದ್ದಾರೋ. ಗ್ರೋಸರಿಯಲ್ಲಿ ಸಾಲಿನಲ್ಲಿ ನಿಂತಾಗಲೂ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ಅದನ್ನೇ ಹೇಳುತ್ತಿದ್ದರು.

ಇಲ್ಲಿಗೆ ಬಂದದ್ದು ಪುಸ್ತಕಕ್ಕೆ ಎಂದು ಹೇಳಿದರೂ, ನಿಜವಾದ ಕೆಲಸ ಕಾಡು ಕಾಯುವವರಿಗೆ ದುಡ್ಡು ಕೂಡಿಸುವುದಾಗಿತ್ತು. ಹಸ್ಸಾನಿ ಎಂಬ ಹಿರಿಯ ಸಹೋದ್ಯೋಗಿ ಮತ್ತು ಅವನ ಕೈಕೆಳಗಿನ ಕಾವಲುಗಾರರು ದಿನವೂ ಕಣಿವೆಗಳಲ್ಲಿ ಅಲೆದು ಬೇಟೆಗಾರರು ಕಟ್ಟಿದ ತಂತಿಯ ಉರುಳುಗಳನ್ನು ಬಿಚ್ಚುತ್ತಿದ್ದರು. ಅವರಿಗೆ ಸಂಬಳ ಬೇಕು, ದೋಣಿಗೆ ಇಂಜಿನ್ ಬೇಕು. ಅದಕ್ಕಾಗಿ ಬಾಯಿ ಲೈಬ್ರರಿಗಳಲ್ಲಿ, ಶಾಲೆಗಳಲ್ಲಿ, ಶ್ರೀಮಂತರ ಮನೆಗಳಲ್ಲಿ ಸ್ಲೈಡ್ ತೋರಿಸಿ ಮಾತಾಡುತ್ತಿದ್ದರು. ಕಾರು ಓಡಿಸುವವಳು ನಾನು. "ಇಲ್ಲಿ ಎಲ್ಲ ಬಲಕ್ಕೆ ಓಡಿಸ್ತಾರೆ, ನನ್ನ ಕೈ ಎಡಕ್ಕೇ ಹೋಗ್ತದೆ. ಫ್ರೀವೇಯಲ್ಲಿ ನನ್ನಿಂದ ಯಾರಾದರೂ ಸಾಯ್ತಾರೆ" ಎಂದು ಅವರು ಸ್ಟಿಯರಿಂಗ್ ಮುಟ್ಟುತ್ತಲೇ ಇರಲಿಲ್ಲ. ಅನುವನ್ನು ಡೇಕೇರಿಗೆ ಬಿಡುವ ದಿನಗಳಲ್ಲಿ ನಮ್ಮ ಹಳೆಯ ಸ್ಟೇಷನ್ ವ್ಯಾಗನ್ನಿನಲ್ಲಿ ಪ್ರೊಜೆಕ್ಟರು ಇಟ್ಟುಕೊಂಡು ಇಬ್ಬರೂ ಸುತ್ತಿದೆವು. ನನಗೂ ಮನೆಯ ನಾಲ್ಕು ಗೋಡೆಗಳ ಮಧ್ಯೆ ಉಸಿರುಕಟ್ಟಿತ್ತು. ಅವರ ಚಡಪಡಿಕೆಯ ಜೊತೆ ನನ್ನದೂ ಸೇರಿಕೊಂಡಿತು.

ಪ್ರತಿ ಸಭೆಯಲ್ಲೂ ಯಾರಾದರೊಬ್ಬರು, ಚಿಂಪಾಂಜಿ ಹೇಗೆ ಕೂಗುತ್ತೆ ಕೂಗಿ ತೋರಿಸಿ ಎಂದು ಕೇಳಿಯೇ ಕೇಳುತ್ತಿದ್ದರು. ಬಾಯಿ ಒಪ್ಪುತ್ತಿರಲಿಲ್ಲ. ಕಾರಿನಲ್ಲಿ ನಾನು, "ಒಂದ್ಸಲ ಕೂಗಿದ್ರೆ ಏನಾಗುತ್ತೆ ಬಾಯಿ? ಜನಕ್ಕೆ ಖುಷಿ ಆಗುತ್ತಲ್ವಾ?" ಎಂದೆ.

"ಅದು ಅವರು ಅವರವರೊಳಗೆ ಕರೆಯುವ ಮಾತು. ನಗಿಸ್ಲಿಕ್ಕೆ ನಾನು ಅದನ್ನು ತೆಗೆದುಕೊಂಡು ಬಂದದ್ದಲ್ಲ" ಎಂದು ಕಿಟಕಿಯ ಕಡೆ ತಿರುಗಿದರು.

ಒಂದು ಯುಗಾದಿಗೆ ಇಲ್ಲಿನ ಕನ್ನಡದವರೆಲ್ಲ ಶಾಲೆಯೊಂದರ ಹಾಲಿನಲ್ಲಿ ಸೇರಿದ್ದಾಗ ಅಲ್ಲೂ ಅವರಿಂದ ಭಾಷಣ ಮಾಡಿಸಿದೆ. ಮಾತು ಮುಗಿದ ಮೇಲೆ ಮಂಡ್ಯದ ಕಡೆಯ ಹಿರಿಯರೊಬ್ಬರು, ಮಗನ ಮನೆಗೆ ಬಂದಿದ್ದವರು, ಎದ್ದು ನಿಂತು, "ಅಲ್ಲಮ್ಮ, ಕೋತಿಗೋಸ್ಕರ ನೀವು ಮದ್ವೆನೂ ಬುಟ್ಬುಟ್ರಾ?" ಎಂದರು. ಹಾಲೆಲ್ಲ ನಗು.

"ಕೋತಿ ಅಲ್ಲ ಮಾರಾಯ್ರೆ, ಅವಕ್ಕೆ ಬಾಲ ಇಲ್ಲ. ಮದುವೆ ಬಿಟ್ಟದ್ದು ಬೇರೆ ಕಾರಣಕ್ಕೆ, ಅದು ಹೇಳ್ಲಿಕ್ಕೆ ಇನ್ನೊಂದು ಸ್ಲೈಡ್ ಶೋ ಬೇಕು" ಎಂದರು ಬಾಯಿ. ಅಜ್ಜ ಎಲ್ಲರಿಗಿಂತ ಜೋರಾಗಿ ನಕ್ಕರು. ಹೋಗುವಾಗ ಟೋಪಿ ತೆಗೆದು ಹಾಲಿನಲ್ಲೆಲ್ಲ ತಿರುಗಿಸಿ, ಬಿದ್ದದ್ದನ್ನೆಲ್ಲ ತಂದು ಅವರ ಕೈಗಿತ್ತರು.

ಆದರೆ ಹೀಗೆ ಚೂರುಪಾರು ಕೂಡಿಸಿದರೆ ಕಾಡು ಉಳಿಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಆ ಸಮಯಕ್ಕೆ ಪಾಲೋ ಆಲ್ಟೋದ ಮೇಲಿನ ಗುಡ್ಡದಲ್ಲಿ ದೊಡ್ಡ ತೋಟದ ಮನೆಯಿದ್ದ ಹೆಲನ್ ಎಂಬ ವಿಧವೆ ಬಾಯಿಯ ಮಾತು ಕೇಳಿ ಮನೆಗೆ ಕರೆಸಿಕೊಂಡರು. ನಾನೂ ಹೋದೆ. ಕಾವಲುಗಾರರ ಸಂಬಳ, ದೋಣಿ, ಔಷಧಿ, ಎಲ್ಲವನ್ನೂ ವರ್ಷಗಟ್ಟಲೆ ತಾವೇ ನೋಡಿಕೊಳ್ಳುವುದಾಗಿ ಆಕೆ ಹೇಳಿದರು. ಆಮೇಲೆ ಹೆಲನ್, "ಬೇಸಿಗೆಯಲ್ಲಿ ನಾನೂ ಮೊಮ್ಮಗನೂ ಬರುತ್ತೇವೆ. ಅವುಗಳ ನಡುವೆ ಒಂದು ಬೆಳಿಗ್ಗೆ ಕುಳಿತಿರಬೇಕು. ಅವನಿಗೆ ಒಂದು ಮರಿಯ ಕೈ ಹಿಡಿಯುವ ಆಸೆ" ಎಂದರು. ಕೆಟ್ಟ ಹೆಂಗಸಲ್ಲ. ಕಣ್ಣಲ್ಲಿ ನಿಜವಾದ ಪ್ರೀತಿಯಿತ್ತು.

ಬಾಯಿ ಎದ್ದು ಕಿಟಕಿಯ ತನಕ ಹೋಗಿ ಬಂದರು. "ಆಗುವುದಿಲ್ಲ" ಎಂದರು ಇಂಗ್ಲಿಷಿನಲ್ಲಿ, ಮೆಲ್ಲಗೆ. "ಕ್ಷಮಿಸಿ. ದೂರದಿಂದ ನೋಡಬಹುದು, ಅದೂ ಅವುಗಳಿಗೆ ಮನಸ್ಸಿದ್ದರೆ. ಹತ್ತಿರ ಯಾರನ್ನೂ ಬಿಡುವುದಿಲ್ಲ. ಈಗ ನಾನೂ ಹೋಗುವುದಿಲ್ಲ."

ಹೆಲನ್ ಮೊದಲು ನಕ್ಕರು, ಆಮೇಲೆ ಅವರ ಮುಖ ಗಂಟಿಕ್ಕಿತು. ನೀವು ಸ್ಲೈಡಿನಲ್ಲಿ ಮೊಂತಿಯ ಪಕ್ಕದಲ್ಲೇ ಕುಳಿತಿದ್ದೀರಲ್ಲ ಎಂದರು. "ಹೌದು. ಅದಕ್ಕೇ" ಎಂದರು ಬಾಯಿ. ಚಹಾ ಹಾಗೇ ಉಳಿಯಿತು. ಗೇಟಿನವರೆಗೆ ಯಾರೂ ಬಂದು ಬೀಳ್ಕೊಡಲಿಲ್ಲ.

ಇಳಿದು ಬರುವಾಗ ಫ್ರೀವೇಯ ಪಕ್ಕ ಕಾರು ನಿಲ್ಲಿಸಿ ಕಣಿವೆ ನೋಡುವ ಒಂದು ಜಾಗವಿದೆ. ಬಾಯಿ ಅಲ್ಲಿ ನಿಲ್ಲಿಸು ಎಂದರು. ಇಳಿದವರೇ ಬೇಲಿಯ ಉದ್ದಕ್ಕೂ ಆ ತುದಿಯಿಂದ ಈ ತುದಿಗೆ ನಡೆಯತೊಡಗಿದರು. ನಾನು ಹಿಂದೆಯೇ ಹೋದೆ. ನಡೆಯುತ್ತಲೇ ಹೇಳಿದರು.

ಮೊದಲ ವರ್ಷಗಳಲ್ಲಿ ಚಿಂಪಾಂಜಿಗಳು ಇವರನ್ನು ಕಂಡರೆ ಓಡುತ್ತಿದ್ದವು. ಬೇಗ ಹತ್ತಿರವಾಗಲೆಂದು ಬಾಳೆಹಣ್ಣು ಇಡತೊಡಗಿದರು. ಬಂದವು. ಪಕ್ಕದಲ್ಲೇ ಕುಳಿತವು. ಮೊಂತಿ ಇವರ ಅಂಗಿಯ ಗುಂಡಿ ತಿರುಗಿಸಿ ನೋಡಿದಳು. ಜಗತ್ತಿನ ಎಲ್ಲೆಲ್ಲಿಂದಲೋ ಜನ ನೋಡಲು ಬಂದರು. ಒಂದು ಮಳೆಗಾಲ ಶಿಬಿರದಲ್ಲಿ ಎಲ್ಲರಿಗೂ ನೆಗಡಿ, ಇವರಿಗೆ ಕೆಮ್ಮು. ಏನು ಮಹಾ ಎಂದು ಮೂಗೊರೆಸಿಕೊಂಡು ಹಣ್ಣು ಹಂಚಿದರು. ವಾರ ಕಳೆಯುವಷ್ಟರಲ್ಲಿ ಕಾಡಿನೊಳಗಿಂದ ಕೆಮ್ಮು ಕೇಳತೊಡಗಿತು.

"ಮನುಷ್ಯರ ಕೆಮ್ಮಿನ ಹಾಗೇ ಶಾರದಾ. ಮರದ ಮೇಲಿಂದ. ಒಂದು ಕಡೆ ನಿಂತರೆ ಇನ್ನೊಂದು ಕಡೆ. ನಮಗೆ ನಾಲ್ಕು ದಿನದ ಶೀತ. ಅವರಿಗೆ ಅದು ಎದೆಗೆ ಇಳಿಯಿತು. ಎಷ್ಟು ಮಂದಿ ಹೋದರು ಗೊತ್ತುಂಟಾ? ಮೊಂತಿಯ ಕೈಯಲ್ಲಿ ಸಣ್ಣ ಮಗು ಇತ್ತು, ನತಾಲ್. ಅದು ಸತ್ತ ಮೇಲೂ ಹೊತ್ತುಕೊಂಡೇ ತಿರುಗಿದಳು, ನೊಣ ಓಡಿಸ್ತಾ. ಒಂದು ದಿನ ಅದನ್ನು ಹೊತ್ತುಕೊಂಡು ನನ್ನ ಪಕ್ಕದಲ್ಲೇ ಬಂದು ಕೂತ್ಲು. ನಾನು ಎಂತ ಮಾಡ್ಲಿ? ಓಡಿ ಹೋದೆ. ಕೆಮ್ಮು ನನ್ನ ಒಳಗೆ ಇನ್ನೂ ಇತ್ತು."

ಅಂದಿನಿಂದ ಬಾಳೆಹಣ್ಣು ನಿಲ್ಲಿಸಿದರು. ಶಿಬಿರವನ್ನು ಕಾಡಿನಿಂದ ದಡಕ್ಕೆ ಇಳಿಸಿದರು. ಹತ್ತಿರ ಬಂದ ಚಿಂಪಾಂಜಿಗಳನ್ನು ಡಬ್ಬ ಬಡಿದು ಓಡಿಸಿದರು. ತಮ್ಮನ್ನು ನಂಬಿ ಬಂದವರನ್ನು ಮತ್ತೆ ತಮಗೆ ಹೆದರುವಂತೆ ಮಾಡುವುದು, ಅದೇ ಅವರ ಮುಂದಿನ ವರ್ಷಗಳ ಕೆಲಸವಾಯಿತು. ಸಂಶೋಧನೆ ಹಾಳಾಯಿತೆಂದು ಜೊತೆಯವರು ಬೈದು ಬಿಟ್ಟುಹೋದರು.

"ಇವತ್ತು ನಾನು ಮಾಡಿದ್ದು ಸರಿಯಾ?" ಎಂದು ಬೇಲಿ ಹಿಡಿದು ನಿಂತು ಕೇಳಿದರು. "ಆ ಹುಡುಗ ಒಂದು ಬೆಳಿಗ್ಗೆ ಕೂತ್ರೆ ಎಲ್ಲರೂ ಸಾಯುದಿಲ್ಲ. ದುಡ್ಡು ಇಲ್ಲದಿದ್ರೆ ಉರುಳಿಗೆ ಸಿಕ್ಕಿ ಖಂಡಿತ ಸಾಯ್ತಾರೆ."

"ನನಗೆ ಗೊತ್ತಿಲ್ಲ ಬಾಯಿ" ಎಂದೆ. ಕೆಳಗೆ ಫ್ರೀವೇಯ ಕಾರುಗಳ ಸದ್ದು ಬಿಡುವಿಲ್ಲದೆ ಹರಿಯುತ್ತಿತ್ತು.

ಆಮೇಲೆ ಆ ಮನೆಯಿಂದ ಕರೆ ಬರಲಿಲ್ಲ. ನಾವು ಮತ್ತೆ ಶಾಲೆ, ಲೈಬ್ರರಿ ಎಂದು ಓಡಾಡಿದೆವು. ಬಾಯಿ ಪುಸ್ತಕವನ್ನು ಅರ್ಧಕ್ಕೆ ಬಿಟ್ಟು ದಿನಕ್ಕೆರಡು ಕಡೆ ಮಾತಾಡಿದರು. ಕಾವಲುಗಾರರ ಸಂಬಳ ತಪ್ಪದಂತೆ ಹೇಗೋ ನೋಡಿಕೊಂಡರು. ದೋಣಿಯ ಇಂಜಿನ್ ಮಾತ್ರ ಆಗಲಿಲ್ಲ.

ಮುಂದಿನ ವರ್ಷ ಬೇಸಿಗೆಯ ಹೊತ್ತಿಗೆ ಹಸ್ಸಾನಿಯ ಫೋನ್ ಬಂತು. ಬಾಯಿಯ ಬಾಡಿಗೆ ಕೋಣೆಯಲ್ಲಿ ಫೋನಿರಲಿಲ್ಲ, ನಮ್ಮ ನಂಬರನ್ನೇ ಕೊಟ್ಟಿದ್ದರು. ಇಲ್ಲಿ ಬೆಳಗಾಗುವಾಗ ಅಲ್ಲಿ ಸಂಜೆ, ಅವನು ಊರಿನ ಪೋಸ್ಟಾಫೀಸಿನಿಂದ ಕೂಗಿ ಮಾತಾಡುತ್ತಿದ್ದ. ಮೊಂತಿ ಬಡವಾಗಿದ್ದಾಳೆ, ಮರ ಹತ್ತಲಾರಳು, ಗುಂಪಿನ ಹಿಂದೆ ಉಳಿಯುತ್ತಿದ್ದಾಳೆ. ಬಾಯಿ ಅವತ್ತೇ ಟಿಕೆಟ್ ಮಾಡಿಸಿದರು. ಒಂದೂವರೆ ವರ್ಷದ ಮೇಲೆ ಹೊರಡುವ ಸಂಭ್ರಮ. ನನ್ನ ಮನೆಯೊಳಗೆ ಓಡಾಟ ಇನ್ನೂ ಹೆಚ್ಚಿತು. ಕಾವಲುಗಾರರಿಗೆ ರೇನ್‌ಕೋಟು, ಬೂಟು, ಹಸ್ಸಾನಿಗೆ ಓದುವ ಕನ್ನಡಕ, ಎಲ್ಲವನ್ನೂ ನಮ್ಮ ಹಾಲಿನಲ್ಲೇ ಪೆಟ್ಟಿಗೆಗೆ ತುಂಬಿದರು.

ಹೊರಡುವ ಹಿಂದಿನ ದಿನ ಬಾಲ್ಕನಿಯಲ್ಲಿ ಕೆಮ್ಮಿದರು. ಸಣ್ಣ, ಒಣ ಕೆಮ್ಮು. ಅನು ಡೇಕೇರಿನಿಂದ ನೆಗಡಿ ತಂದು ವಾರವಾಗಿತ್ತು. ಬಾಯಿ ಒಳಗೆ ಬಂದು ನನ್ನ ಮುಖ ನೋಡಿದರು. ಮತ್ತೊಮ್ಮೆ ಕೆಮ್ಮು ಬಂತು. "ಜೆಜು ಸಾಯ್ಬಾ" ಎಂದು ಕೊಂಕಣಿಯಲ್ಲಿ ದೇವರನ್ನು ಕರೆದರು.

"ಬರೀ ಶೀತ ಬಾಯಿ. ಮಾತ್ರೆ ತಗೊಂಡು ಹೊರಡಿ. ಅಲ್ಲಿ ಹೋಗಿ ಊರಲ್ಲೇ ಇದ್ದು, ವಾಸಿಯಾದ ಮೇಲೆ ಕಾಡಿಗೆ ಹೋದ್ರಾಯ್ತು."

"ಊರಲ್ಲಿ?" ಅವರು ತಲೆಯಾಡಿಸಿದರು. "ದೋಣಿ ಕಣ್ಣ ಮುಂದೆ ಇರ್ತದೆ. ಅವಳು ಆಚೆ ಸಾಯ್ತಾ ಇದ್ದಾಳೆ ಅಂತ ಗೊತ್ತಿದ್ದು ನಾನು ಅಲ್ಲಿ ಸುಮ್ಮನೆ ಕೂತ್ಕೊಳ್ತೇನಾ? ಎರಡನೇ ದಿನ ಹತ್ತಿ ಹೋಗ್ತೇನೆ. ಕೆಮ್ಮು ಕಡಿಮೆಯಾಯ್ತು ಅಂತ ನನಗೆ ನಾನೇ ಸುಳ್ಳು ಹೇಳ್ತೇನೆ. ಅಷ್ಟು ನನ್ನನ್ನು ನಾನು ನಂಬುದಿಲ್ಲ ಮಾರಾಯ್ತಿ."

ಟಿಕೆಟ್ ಮುಂದಕ್ಕೆ ಹಾಕಿಸಿದರು. ಆ ದಿನಗಳು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಬಿಸಿನೀರು, ಶುಂಠಿ, ಮೆಣಸು, ಡಾಕ್ಟರ ಮಾತ್ರೆ. ಬೆಳಿಗ್ಗೆ ಎದ್ದ ಕೂಡಲೇ ಬಂದು, "ನಿನ್ನೆಗಿಂತ ಕಡಿಮೆ ಅಲ್ಲವಾ?" ಎಂದು ಕೇಳುವುದು, ಕೇಳಿ ಮುಗಿಸುವಷ್ಟರಲ್ಲಿ ಕೆಮ್ಮುವುದು. ಕಾಂಪ್ಲೆಕ್ಸಿನ ಸುತ್ತ, ಕಾಲ್ಟ್ರೇನ್ ಸ್ಟೇಷನ್ನಿನವರೆಗೆ, ಮತ್ತೆ ವಾಪಸು, ಬಿಸಿಲಿನಲ್ಲಿ ಟೋಪಿಯೂ ಇಲ್ಲದೆ ನಡೆಯುತ್ತಿದ್ದರು. ಅನುವನ್ನು ಮಾತ್ರ ಒಂದು ದಿನವೂ ದೂರವಿಡಲಿಲ್ಲ. "ಇವಳದ್ದೇನು ತಪ್ಪು? ನನಗೆ ಬಂದದ್ದು ಇಲ್ಲೇ ಮುಗೀಲಿ" ಎಂದು ತೊಡೆಯ ಮೇಲೆ ಹಾಕಿಕೊಂಡು ಮೂಗೊರೆಸುತ್ತಿದ್ದರು.

ಎರಡು ವಾರವಾದರೂ ಕೆಮ್ಮು ಪೂರ್ತಿ ಹೋಗಿರಲಿಲ್ಲ. ಒಂದು ಬೆಳಿಗ್ಗೆ ಫೋನ್ ಬಡಿಯಿತು. ಹಸ್ಸಾನಿ. ಬಾಯಿಯನ್ನು ಕೂಗಿ ಕರೆದೆ, ಓಡಿ ಬಂದರು. ಅಡುಗೆಮನೆಯ ಗೋಡೆಯ ಫೋನಿನ ಸುರುಳಿ ವೈರು ಎಷ್ಟು ದೂರ ಬರುತ್ತದೋ ಅಷ್ಟು ದೂರದಲ್ಲೇ ಅತ್ತಿತ್ತ ನಡೆಯುತ್ತ ಮಾತಾಡಿದರು. ಸ್ವಾಹಿಲಿ ನನಗೆ ಬಾರದು. ಒಮ್ಮೆ ನಿಂತರು. ಬಹಳ ಹೊತ್ತು ಬರೀ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆಯನ್ನು ಮೂರು ಬಾರಿ, ಬೇರೆ ಬೇರೆ ರೀತಿಯಲ್ಲಿ ಕೇಳಿದ ಹಾಗಿತ್ತು. ಫೋನ್ ಇಟ್ಟು ನನ್ನ ಕಡೆ ತಿರುಗಿದರು.

"ಮೊಂತಿ ಹೋದಳು. ತೊರೆಯ ಬದಿಯಲ್ಲಿ ಮಲಗಿದ್ದಳಂತೆ. ಜೊಕಿ ಪಕ್ಕದಲ್ಲಿದ್ದ."

ನನ್ನ ಮಗಳ ನೆಗಡಿ ಅವರನ್ನು ತಡೆದು ನಿಲ್ಲಿಸಿತಲ್ಲ ಎಂದು ಎದೆ ಚುಚ್ಚಿತು. ಅದನ್ನೇ ಹೇಳಹೊರಟೆ. ಅವರು ಕೈಯೆತ್ತಿ ತಡೆದರು.

"ಕೆಮ್ಮು ಇರ್ಲಿಲ್ಲವಂತೆ" ಎಂದರು. "ಮೂರು ಸಲ ಕೇಳಿದೆ. ಮೂಗು ಒಣಗಿತ್ತಂತೆ, ಉಸಿರು ಸರಿ ಇತ್ತಂತೆ. ಬರೀ ಮುಪ್ಪು. ಪ್ರಾಯ ಆಗಿ ಹೋದಳು, ಶಾರದಾ." ಆಮೇಲೆ ಸಿಂಕಿನ ಅಂಚು ಹಿಡಿದು, ನನಗೆ ಬೆನ್ನು ಮಾಡಿ ಅತ್ತರು. ಅಳುವಿನ ನಡುವೆ ಕೆಮ್ಮು, ಕೆಮ್ಮಿನ ನಡುವೆ ಅಳು. ಅನು ಬಂದು ಅವರ ಅಂಗಿಯ ತುದಿ ಹಿಡಿದುಕೊಂಡು ನಿಂತಳು.

ಕೆಮ್ಮು ನಿಂತ ಮೇಲೂ ಒಂದು ವಾರ ಕಾದು ಹೊರಟರು. ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟಿಗೆ ನಾವೆಲ್ಲ ಹೋಗಿದ್ದೆವು. ನನ್ನ ಯಜಮಾನರು, "ಬೇಗ ಬನ್ನಿ ಮೇಡಮ್, ಪುಸ್ತಕ ಬಾಕಿ ಇದೆ" ಎಂದರು. "ಬರ್ತೇನೆ, ಬರ್ತೇನೆ" ಎಂದರು ಬಾಯಿ, ಕಣ್ಣು ಆಗಲೇ ಬಾಗಿಲಿನ ಕಡೆ. ನನ್ನ ಕೈ ಹಿಡಿದು, "ನೀನು ಕೆಲಸಕ್ಕೆ ಸೇರು ಮಾರಾಯ್ತಿ. ವೀಸಾ ಬಂದ ದಿನವೇ ಸೇರು. ಇನ್ನೊಬ್ಬಳನ್ನು ಕಾರಿನಲ್ಲಿ ತಿರುಗಿಸಿ ಎಷ್ಟು ದಿನ?" ಎಂದು, ಉತ್ತರಕ್ಕೂ ಕಾಯದೆ ಹೋಗಿಬಿಟ್ಟರು. ಅದೇ ಕೊನೆ.

ಬಾಯಿ ಮರಳಿ ಬರಲಿಲ್ಲ. ಪುಸ್ತಕವೂ ಮುಗಿಯಲಿಲ್ಲ. ಸರೋವರದ ದಡದಲ್ಲೇ ಇದ್ದು ಕಾವಲುಗಾರರ ಜೊತೆ ಉರುಳು ಬಿಚ್ಚುತ್ತಿದ್ದರಂತೆ. ಆ ದಶಕ ಮುಗಿಯುವ ಮೊದಲೇ ಮಲೇರಿಯಾದಿಂದ ತೀರಿಕೊಂಡರು. ತಂದೆಯ ಸಮಾಧಿಯ ಪಕ್ಕದಲ್ಲಿ, ರೈಲು ಮುಗಿಯುವ ಆ ಊರಿನಲ್ಲಿ ಮಣ್ಣು ಮಾಡಿದರು. ಇದನ್ನೆಲ್ಲ ನನಗೆ ಹೇಳಿದವನು ಆ ಕಾಡಿಗೆ ಹೋಗಿ ಬಂದ ಒಬ್ಬ ಅಮೆರಿಕನ್ ವಿದ್ಯಾರ್ಥಿ. ನಾನು ಆಗ ಪಾಲೋ ಆಲ್ಟೋದ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಅವನು ಚಿಂಪಾಂಜಿಗಳ ಪುಸ್ತಕ ಹಿಂತಿರುಗಿಸಲು ಬಂದಿದ್ದ, ನಾನೇ ಮಾತು ತೆಗೆದೆ.

ಹುಡುಗನಿಗೆ ತುಂಬ ಬೇಸರವಾಗಿತ್ತು. ಇಡೀ ಬೇಸಿಗೆ ಅಲ್ಲಿದ್ದೆ, ಒಂದು ಒಳ್ಳೆಯ ಫೋಟೋ ಸಿಗಲಿಲ್ಲ ಎಂದ. ಮನುಷ್ಯರ ಸುಳಿವು ಸಿಕ್ಕಿದರೆ ಸಾಕು, ಓಡುತ್ತವಂತೆ. ಕೊಂಬೆ ಅಲ್ಲಾಡಿದ್ದಷ್ಟೇ ಕಾಣುವುದು. ತಾಯಂದಿರು ಮರಿಗಳನ್ನು ಎದೆಗವಚಿಕೊಂಡು ಮೊದಲು ಓಡುತ್ತಾರಂತೆ.

"ಮರಿಗಳಿವೆಯಾ?" ಎಂದೆ.

"ಬೇಕಾದಷ್ಟಿವೆ" ಎಂದ. "ಏನು ಉಪಯೋಗ? ಒಂದನ್ನೂ ಹತ್ತಿರದಿಂದ ನೋಡಲಾಗಲಿಲ್ಲ."

ನಾನು ಅವನ ಪುಸ್ತಕ ತೆಗೆದುಕೊಂಡು, "ಒಳ್ಳೆಯದಾಯಿತು" ಎಂದೆ. ಅವನು ನನ್ನನ್ನೇ ವಿಚಿತ್ರವಾಗಿ ನೋಡುತ್ತ ನಿಂತ.